ಮೂರನೇ ನೋಟ

ಆಫೀಸಿನಲ್ಲಿ ಅವಳಿಗೆ ಹದ್ದು ಎಂದು ಹೆಸರು. ಹಳೆಯ ಟಿ.ವಿ. ಧಾರಾವಾಹಿಗಳನ್ನು ಡಬ್ಬಿಯಿಂದ ಹೊರತೆಗೆದು, ತೊಳೆದು, ಡಿಸ್ಕಿಗೆ ಹಾಕಿ ಮನೆಯಲ್ಲಿ ಕೂತು ನೋಡುವವರ ಕೈಗೆ ಕೊಡುವ ಆಫೀಸು ಅದು. ಅಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. ಒಂದು ಗೀರು, ಒಂದು ಕೂದಲೆಳೆ, ರೆಪ್ಪೆ ಬಡಿಯುವುದರೊಳಗೆ ಬಂದು ಹೋಗುವ ಒಂದು ಬಿಳಿ ಚುಕ್ಕೆ, ಯಾವುದೂ ಅವಳ ಕಣ್ಣು ತಪ್ಪಿಸಿ ಹೋಗಿದ್ದಿಲ್ಲ. ಗುಂಡಿ ಒತ್ತಿ ಚಿತ್ರ ನಿಲ್ಲಿಸಿ, ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದಳು. ಚಿತ್ರದ ಕೊಳೆಯನ್ನು ತಾನೇ ಗುರುತಿಸಿ ತೊಳೆಯುವ ಯಂತ್ರದ ಮುಂದೆ ಕೂರುವವನಿಗೆ ಸೋಪು ಎಂದು ಹೆಸರಿಟ್ಟವಳೂ ಅವಳೇ. ಈಗೀಗ ಅವನ ಹೆಂಡತಿಯೂ ಅವನನ್ನು ಹಾಗೇ ಕರೆಯುತ್ತಾಳಂತೆ.

ಆ ಆಫೀಸಿಗೊಂದು ಕಟ್ಟಳೆ ಇತ್ತು. ಯಜಮಾನರು ಮಾಡಿದ್ದು. ಯಜಮಾನರು ಹಿಂದೊಮ್ಮೆ ಸಿನಿಮಾ ಸಂಕಲನ ಕಲಿಸುತ್ತಿದ್ದರೆಂದು ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಪಾಠ ನಿಂತರೂ ಬೈಗುಳ ನಿಂತಿರಲಿಲ್ಲ. ಪ್ರತಿ ಕಂತನ್ನೂ ಮೂರು ಸಲ ನೋಡಬೇಕು. ಮೊದಲನೇ ನೋಟ ಕಣ್ಣಿನದು: ಧ್ವನಿ ಪೂರ್ತಿ ಆರಿಸಿ, ಚಿತ್ರವನ್ನು ನಿಧಾನಕ್ಕೆ ಓಡಿಸಿ ನೋಡುವುದು. ಎರಡನೇದು ಕಿವಿಯದು: ಪರದೆಯ ಮೇಲೆ ಟವೆಲ್ ಹೊದಿಸಿ ಬರೀ ಕೇಳುವುದು. ಮೂರನೇದು ಮನೆಯವರ ನೋಟ. ಅದಕ್ಕೆಂದೇ ಹಿಂದುಗಡೆ ಒಂದು ಕೋಣೆ. ಎಲ್ಲರ ಮನೆಯಲ್ಲೂ ಇರುವಂಥ ಒಂದು ಟಿ.ವಿ., ಇಬ್ಬರು ಕೂರುವ ಸೋಫಾ, ಟೀ ಲೋಟ ಇಡಲು ಒಂದು ಸ್ಟೂಲು. ಒಳಗೆ ಪೆನ್ನು ಕಾಗದ ತರುವಂತಿಲ್ಲ. ಆರಾಮಾಗಿ ಕೂತು, ಎಲ್ಲೂ ನಿಲ್ಲಿಸದೆ ನೋಡಿ, ಹೊರಗೆ ಬಂದು ಪಟ್ಟಿಯಲ್ಲಿ ಮೂರನೇ ಸಹಿ ಹಾಕಬೇಕು.

"ಮನೇಲಿ ನೋಡೋರು ಗೀರು ಎಣಿಸ್ತಾ ಕೂರಲ್ಲ. ಕಥೆ ನೋಡ್ತಾರೆ," ಎನ್ನುತ್ತಿದ್ದರು ಮೇಷ್ಟ್ರು. "ಕಥೆಗೇ ಪೆಟ್ಟು ಬಿದ್ದಿದ್ರೆ ಅದು ಮೂರನೇ ನೋಟಕ್ಕೆ ಮಾತ್ರ ಸಿಗೋದು."

ಹದ್ದಿಗೆ ಮೊದಲೆರಡು ನೋಟ ನೀರು ಕುಡಿದಷ್ಟು ಸಲೀಸು. ಮೂರನೇದಕ್ಕೆ ಗಂಡ ಜೊತೆಯಾಗುತ್ತಿದ್ದ. ಸಂಜೆ ಅವಳನ್ನು ಕರೆದೊಯ್ಯಲು ಬಂದವನು ಸೋಫಾದ ಎಡಗಡೆ ಕೂತು, ಅವಳ ಪಾಲಿನ ಟೀಯನ್ನೂ ಮುಗಿಸಿ, ತಮಾಷೆ ಬರುವ ಮುಂಚೆಯೇ ನಕ್ಕುಬಿಡುತ್ತಿದ್ದ.

"ಅವನಿನ್ನೂ ಹೇಳೇ ಇಲ್ಲ, ನೀನ್ಯಾಕೆ ನಗ್ತೀಯ?"

"ಹೇಳ್ತಾನೆ ಬಿಡು. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಏಳು ತಿಂಗಳ ಹಿಂದೆ ಒಂದು ಮಂಗಳವಾರ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಹೃದಯ ನಿಂತುಹೋಯಿತು ಎಂದರು. ಅವನಿಗೆ ಮೂವತ್ತಮೂರು.

ಹದಿನೈದನೇ ದಿನಕ್ಕೆ ಅವಳು ಆಫೀಸಿಗೆ ಬಂದಳು. ಅಳು ಬರುತ್ತಿರಲಿಲ್ಲ. ಏನೂ ಬರುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ, ಮೈಯೆಲ್ಲ ದಪ್ಪಗೆ, ತನ್ನದಲ್ಲವೆಂಬಂತೆ ಇತ್ತು. ಸುತ್ತಲಿನವರು ಮೆಲ್ಲಗೆ ಮಾತಾಡತೊಡಗಿದರು. ಸೋಪು ಅವಳ ಮುಂದೆ ಬಾಗಿಲನ್ನೂ ಸದ್ದಾಗದಂತೆ ಹಾಕುತ್ತಿದ್ದ. ಮೇಷ್ಟ್ರು ಬೈಯುವುದನ್ನೇ ಬಿಟ್ಟರು.

ಆಗ ಬಂದದ್ದು 'ಮೂರು ಕಾಲಿನ ಕುರ್ಚಿ'. ಮೂವತ್ತನಾಲ್ಕು ವರ್ಷಗಳ ಹಿಂದೆ ಪ್ರತಿ ಭಾನುವಾರ ಮನೆಮಂದಿಯನ್ನೆಲ್ಲ ಟಿ.ವಿ. ಮುಂದೆ ಕೂರಿಸಿದ್ದ ಹದಿಮೂರು ಕಂತಿನ ನಗೆ ಧಾರಾವಾಹಿ. ಒಬ್ಬ ಸಿಡುಕ ಬಡಗಿ, ಅವನ ಮನೆಯಲ್ಲೇ ಬಿಡಾರ ಹೂಡಿದ ಕೈಲಾಗದ ಅಳಿಯ, ಇಬ್ಬರ ನಡುವೆ ಒಂದು ಮರಗೆಲಸದ ಅಂಗಡಿ. ಫಿಲ್ಮಿನ ಸುರುಳಿಗಳು ಯಾರದೋ ಗೋದಾಮಿನಲ್ಲಿ ಕೊಳೆ ಹಿಡಿದು ಬಿದ್ದಿದ್ದವು. ಸೋಪು ಅವನ್ನು ತಿಂಗಳುಗಟ್ಟಲೆ ತೊಳೆದ. ಹದ್ದು ಮೊದಲನೇ ನೋಟ ನೋಡಿದಳು, ಎರಡನೇ ನೋಟ ಕೇಳಿದಳು. ಪೆನ್ನು ಹೊರಗಿಟ್ಟು ಸೋಫಾ ಕೋಣೆಯ ಬಾಗಿಲು ತೆರೆದಳು.

ಸೋಫಾದ ಎಡಗಡೆ ಒಂದಿಷ್ಟು ಕುಸಿದಿತ್ತು.

ಕೈಯಲ್ಲಿ ಪೆನ್ನಿದ್ದರೆ ಎಷ್ಟು ಹೊತ್ತಾದರೂ ಪರದೆ ನೋಡಬಲ್ಲಳು. ಬರಿಗೈಯಲ್ಲಿ, ಆ ಸೋಫಾದ ಮೇಲೆ, ನಗುವುದಕ್ಕೆಂದು ಕೂರುವುದು ಆಗಲಿಲ್ಲ. ಬಾಗಿಲು ಎಳೆದುಕೊಂಡು ಬಂದು ಮೂರನೇ ಸಹಿ ಹಾಕಿದಳು. ಒಂದು ಕಂತು ತಾನೆ ಎಂದುಕೊಂಡಳು. ಎರಡನೇ ಕಂತಿಗೆ ಬಾಗಿಲವರೆಗೂ ಹೋಗಲಿಲ್ಲ. ಹೀಗೆ ಹದಿಮೂರು ಸಹಿ ಬಿದ್ದವು. ಯಾರೂ ಕೇಳಲಿಲ್ಲ. ಹದ್ದಿನ ಸಹಿಯನ್ನು ಯಾರು ಕೇಳುತ್ತಾರೆ?

ಡಿಸ್ಕ್ ಅಚ್ಚು ಹಾಕುವ ಕಾರ್ಖಾನೆಗೆ ಮಾಲು ಹೋಯಿತು. ಗುರುವಾರ ಬೆಳಿಗ್ಗೆ ಅಚ್ಚು ಶುರು ಎಂದು ದಿನ ಗೊತ್ತಾಯಿತು. ಆಫೀಸಿನವರಿಗೆಲ್ಲ ಒಂದೊಂದು ಮಾದರಿ ಡಿಸ್ಕ್ ಕೊಟ್ಟರು. ಅವಳು ಅದನ್ನು ಮನೆಗೆ ತಂದು ಮೇಜಿನ ಮೇಲೆ ಎಸೆದು ಮರೆತಳು.

ಭಾನುವಾರ ಮಧ್ಯಾಹ್ನ ಅದು ಅತ್ತೆಯ ಕೈಗೆ ಸಿಕ್ಕಿತು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಮಗ ಹೋದ ಮೇಲೂ ಇಬ್ಬರೂ ಒಂದೇ ಮನೆಯಲ್ಲಿದ್ದರು. ಯಾಕೆ ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ಸೊಸೆ ಎಷ್ಟು ಮೌನವೋ ಅತ್ತೆ ಅಷ್ಟು ಮಾತು.

"ಅಯ್ಯೋ, ಇದು ನಮ್ಮ ಕಾಲದ್ದಲ್ವಾ! ಇವನ ಹೊಟ್ಟೆಯಲ್ಲಿ ನನ್ನ ಮಗ ಇದ್ದಾಗ... ಥೂ, ನನ್ನ ಹೊಟ್ಟೇಲಿ. ಆ ಅಳಿಯನ್ನ ನೋಡಿದ್ರೆ ಸಾಕು, ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ಒಳಗಿಂದ ಇವನೂ ಒದೀತಿದ್ದ. ಹಾಕೇ, ಹಾಕು."

ಸೊಸೆ ಡಿಸ್ಕ್ ಹಾಕಿ, ಅಡುಗೆಮನೆಗೆ ಹೋಗಿ ಹುರುಳಿಕಾಯಿ ಬಿಡಿಸುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಅತ್ತೆಯ ಕೂಗು ಬಂತು.

"ಏನೇ, ಈ ಅಳಿಯನಿಗೆ ನೆಗಡಿನಾ?"

"ಏನಂದ್ರಿ?"

"ಸುಮ್ಸುಮ್ನೆ ಸೀನ್ತಾನಲ್ಲೇ! ಮಾವ ಬಂದು ಫೂ ಅಂತಾನೆ, ಇವನು ಆಕ್ಷಿ ಅಂತಾನೆ. ಏನು, ಮಾವನ ಬಾಯಿ ಅಷ್ಟು ನಾರುತ್ತಾ?"

ಸೊಸೆ ಕೈ ಒರೆಸಿಕೊಂಡು ಬಂದಳು. ಅತ್ತೆ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಬಡಗಿ ಹಲಗೆಯನ್ನು ಹತ್ತರಿಯಿಂದ ಉಜ್ಜುತ್ತಾನೆ. ಅಳಿಯನ ಮೇಲೆ ಕೋಪ ಬಂದಿದೆ, ಆದರೆ ಮಾತಾಡುವುದಿಲ್ಲ. ಹಲಗೆಯನ್ನು ಎತ್ತಿ ಅಳಿಯನ ಮುಖದ ಮಟ್ಟಕ್ಕೆ ಹಿಡಿದು, ಕೆನ್ನೆ ಉಬ್ಬಿಸಿ ಊದುತ್ತಾನೆ. ಹಲಗೆಯ ಮೇಲಿಂದ ಏನೂ ಹಾರುವುದಿಲ್ಲ. ಅಳಿಯ ಕಣ್ಣುಜ್ಜಿಕೊಂಡು ಸೀನುತ್ತಾನೆ.

"ಪುಡಿ ಎಲ್ಲಿ?" ಎಂದಳು ಅತ್ತೆ. "ಮರದ ಪುಡಿ ಹಾರಿ ಇವನ ಮುಖಕ್ಕೆಲ್ಲ ಬೀಳ್ತಿತ್ತು. ಅದೇ ಅಲ್ವೇನೇ ತಮಾಷೆ! ಆ ಮುದುಕ ಬೈಯೋದೇ ಹಾಗೆ. ಊದೋದು. ಹದಿಮೂರು ವಾರ ಊದ್ದ. ಕೊನೇ ವಾರ ಏನಾಯ್ತು ಗೊತ್ತಾ? ಹಲಗೆ ಎತ್ತಿದ, ಅಳಿಯನ ಮುಖ ನೋಡ್ದ, ಆಮೇಲೆ ಕಿಟಕಿ ಕಡೆ ತಿರುಗಿ ಊದ್ದ. ಪುಡಿಯೆಲ್ಲ ಬಿಸಿಲಲ್ಲಿ ಮೇಲೆ ಹೋಯ್ತು. ಒಂದು ಮಾತಿಲ್ಲ. ನಾವೆಲ್ಲ ಕಣ್ಣೊರೆಸ್ಕೊಂಡ್ವಿ."

ಸೊಸೆ ಕೊನೆಯ ಕಂತು ಹಾಕಿದಳು. ಮುದುಕ ಕಿಟಕಿಯ ಕಡೆ ತಿರುಗಿ ಖಾಲಿ ಗಾಳಿಗೆ ಊದಿದ. ಬಿಸಿಲು ಇತ್ತು. ಬಿಸಿಲಲ್ಲಿ ಏನೂ ಇರಲಿಲ್ಲ.

ಎಲ್ಲ ತಿಳಿಯಿತು. ಧ್ವನಿ ಆರಿಸಿ ನೋಡುವಾಗ ಮುಖ ಕಿವಿಚಿದ್ದನ್ನು ಕಂಡಿದ್ದಳು. ಅಷ್ಟು ನಿಧಾನದಲ್ಲಿ ಅದು ಅಳುವೋ ಆಕಳಿಕೆಯೋ ಯಾರಿಗೆ ಗೊತ್ತು. ಟವೆಲ್ ಹೊದಿಸಿ ಕೇಳುವಾಗ ಸೀನು ಕೇಳಿದ್ದಳು. ಬಡಗಿಯ ಅಂಗಡಿಯಲ್ಲಿ ಸೀನದೆ ಇನ್ನೇನು. ಎರಡನ್ನೂ ಒಟ್ಟಿಗೆ ಒಂದೇ ಒಂದು ಸಲ ನೋಡಿದ್ದರೆ ಮೊದಲನೇ ಕಂತಿನ ಆರನೇ ನಿಮಿಷಕ್ಕೆ ಸಿಕ್ಕಿಬೀಳುತ್ತಿತ್ತು.

"ಇದು ನನ್ನ ತಪ್ಪು ಅತ್ತೆ," ಎಂದಳು.

"ನಿಂದ್ಯಾಕೆ? ತೊಳೆಯೋನು ಆ ಸೋಪೋ ಸೀಗೆಪುಡಿನೋ ಅಲ್ವಾ?"

"ನಾನು ನೋಡದೇ ಸಹಿ ಹಾಕ್ದೆ. ಹದಿಮೂರಕ್ಕೂ."

"ಯಾಕೆ ನೋಡ್ಲಿಲ್ಲ?"

"ಅಲ್ಲಿ ಸೋಫಾ ಇದೆ."

ಟಿ.ವಿ.ಯಲ್ಲಿ ಧಾರಾವಾಹಿಯ ಹೆಸರುಗಳು ಮೇಲೇರುತ್ತಿದ್ದವು. ಅತ್ತೆ ಧ್ವನಿ ಕಡಿಮೆ ಮಾಡಿದಳು.

"ಫೋನ್ ಹೊಡ್ಕೊಂಡ್ರೆ ನಾನು ಬಚ್ಚಲಿಗೆ ಹೋಗ್ತೀನಲ್ಲ, ಗಮನಿಸಿದ್ದೀಯಾ?"

"ನಿಮಗೆ ಹೊಟ್ಟೆ ಸರಿ ಇಲ್ಲ ಅಂದ್ಕೊಂಡಿದ್ದೆ."

"ಹೊಟ್ಟೆ ಗಟ್ಟಿಯಾಗೇ ಇದೆ. ಮೂವತ್ತು ವರ್ಷ ಊರವರ ಫೋನೆಲ್ಲ ಎತ್ತಿದವಳು ಕಣೇ ನಾನು. ಆವತ್ತು ಅವನ ಆಫೀಸಿನವರ ಫೋನ್ ಎತ್ತಿದ್ದೇ ಕೊನೆ. ಆಮೇಲಿಂದ ಬೆಲ್ ಆದ್ರೆ ಸಾಕು, ನಲ್ಲಿ ಬಿಟ್ಕೊಂಡು ನಿಂತ್ಕೋತೀನಿ." ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡಳು. "ನಾನು ಎತ್ತದಿದ್ರೆ ಯಾರಿಗೂ ನಷ್ಟ ಇಲ್ಲ. ನೀನು ನೋಡದಿದ್ರೆ ಈ ಮುದುಕ ಹೋದ. ಗುರುವಾರದೊಳಗೆ ಏನಾದ್ರೂ ಮಾಡ್ತೀಯೋ, ಅಥವಾ ಅಳಿಯನಿಗೆ ನೆಗಡಿ ಅಂತಲೇ ಬಿಡ್ತೀಯೋ?"

ಸೋಮವಾರ ಅವಳು ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದಳು. ಎರಡನೆಯವನಾಗಿ ಸೋಪು ಬಂದ. ತೊಳೆಯದ ಪ್ರತಿಯನ್ನೂ ತೊಳೆದ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ಓಡಿಸಿ ತೋರಿಸಿದಳು. ಒಂದರಲ್ಲಿ ಗೀರು, ಕಲೆ, ಕೊಳೆ, ಅವುಗಳ ನಡುವೆ ಬಂಗಾರದ ಬಣ್ಣದ ಮರದ ಪುಡಿ ಭುಸ್ಸೆಂದು ಹಾರಿತು. ಇನ್ನೊಂದು ಆಸ್ಪತ್ರೆಯ ಗೋಡೆಯ ಹಾಗೆ ಚೊಕ್ಕವಾಗಿತ್ತು. ಸೋಪು ತಲೆ ಮೇಲೆ ಕೈ ಹೊತ್ತ.

"ಮಷೀನಿಗೆ ಅದೇ ತಾನೆ ಹೇಳ್ಕೊಟ್ಟಿರೋದು! ಒಂದು ಚಿತ್ರದಲ್ಲಿದ್ದು ಅದರ ಹಿಂದೆ ಮುಂದೆ ಇಲ್ಲದ್ದು ಅಂದ್ರೆ ಕೊಳೆ, ತೆಗಿ ಅಂತ. ಹಾರೋ ಪುಡಿನೂ ಹಾಗೇ ಅಲ್ವಾ ಇರೋದು. ಬಡಗಿ ಕಥೆ ಅಂತ ಗೊತ್ತಿದ್ದೂ ನನ್ನ ತಲೆಗೆ ಹೊಳೀಲಿಲ್ವಲ್ಲ, ನನ್ನ ತಲೇಲೇ ಮರದ ಪುಡಿ ಇದೆ." ಆಮೇಲೆ ದನಿ ತಗ್ಗಿಸಿದ. "ಅಕ್ಕ, ನೀವು ಸುಮ್ನಿರಿ. ಮಷೀನ್ ಕೆಟ್ಟಿತ್ತು ಅಂತ ನಾನು ಹೇಳ್ತೀನಿ. ನಿಮ್ಮನ್ನ ಯಾರೂ ಏನೂ ಅನ್ನಲ್ಲ."

ಅದು ನಿಜವೂ ಆಗಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಮಷೀನಿನ ಕಡೆ ಕೈ ತೋರಿಸಿದರೆ ಮೇಷ್ಟ್ರು ತಲೆಯಾಡಿಸಿ, ಒಂದು ಲೋಟ ಟೀ ತರಿಸಿ, ಮನೆಗೆ ಹೋಗಿ ಸುಧಾರಿಸಿಕೋ ಎನ್ನುತ್ತಿದ್ದರು. ಹದ್ದಿನ ಸಹಿ ಹದ್ದಿನ ಸಹಿಯಾಗೇ ಉಳಿಯುತ್ತಿತ್ತು. ಮುಂದಿನ ಧಾರಾವಾಹಿಗೂ ಅವಳು ಹಾಗೇ ಬಾಗಿಲು ಎಳೆದುಕೊಂಡು ಬಂದು ಸಹಿ ಹಾಕುತ್ತಿದ್ದಳು. ಅದರ ಮುಂದಿನದಕ್ಕೂ.

ಪಟ್ಟಿಗಳನ್ನೆಲ್ಲ ಎತ್ತಿಕೊಂಡು ಮೇಷ್ಟ್ರ ಕೋಣೆಗೆ ಹೋದಳು.

"ಈ ಹದಿಮೂರೂ ಸುಳ್ಳು ಸಹಿ ಮೇಷ್ಟ್ರೆ. ಮೂರನೇ ನೋಟ ನಾನು ನೋಡಿಲ್ಲ."

ಮೇಷ್ಟ್ರು ಕನ್ನಡಕ ತೆಗೆದರು. ಪಟ್ಟಿಗಳನ್ನು ಒಂದೊಂದಾಗಿ ತಿರುವಿದರು. ಅವಳು ಪುಡಿಯ ಕಥೆ ಹೇಳಿ ಮುಗಿಸಿದಳು. ಮೇಷ್ಟ್ರ ಕಿವಿ ಕೆಂಪಾಯಿತು.

"ಹದಿಮೂರು! ಒಂದಲ್ಲ, ಎರಡಲ್ಲ. ಯಾರಿಗೆ ಟೋಪಿ ಹಾಕಿದ್ದು ನೀನು? ನನಗಾ? ನನಗೆ ಹಾಕು, ನನ್ನ ತಲೆ ಬೋಳಾಗೇ ಇದೆ. ಆ ಬಡಗಿ ಪಾತ್ರ ಮಾಡಿದವರು ಈಗಿಲ್ಲ ಕಣಮ್ಮ. ಅವರು ಬಿಟ್ಟು ಹೋಗಿರೋದು ಆ ಊದೋದೊಂದೇ. ಅದನ್ನ ಒರೆಸಿ, ಕೆಳಗೆ ಸಹಿ ಬೇರೆ! ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಕೂತ್ಕೋತಿರಲಿಲ್ವಾ ಆ ಸೋಫಾದಲ್ಲಿ? ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?"

ಹೊರಗೆ ಸೋಪು ಉಗುರು ಕಚ್ಚುತ್ತ ನಿಂತಿದ್ದ. ಅವಳು ತಲೆ ತಗ್ಗಿಸಿರಲಿಲ್ಲ. ಏಳು ತಿಂಗಳಿಂದ ಅವಳನ್ನು ಯಾರೂ ಬೈದಿರಲಿಲ್ಲ. ಬೈಗುಳ ನೇರ ಬಂದು ತಾಗುತ್ತಿತ್ತು, ಕೆನ್ನೆ ಬಿಸಿಯಾಗುತ್ತಿತ್ತು. ಸೂಜಿಯ ಮಂಪರು ಇಳಿಯುವಾಗ ತುಟಿಯ ತುದಿಯಲ್ಲಿ ಮೊದಲು ಚುರುಗುಟ್ಟುತ್ತದಲ್ಲ, ಹಾಗೆ.

ಬೈದು ಸುಸ್ತಾದ ಮೇಷ್ಟ್ರು ಕಾರ್ಖಾನೆಗೆ ಫೋನ್ ಹಚ್ಚಿದರು. ಅವರಿಗೆ ಬೇಡಿಕೊಂಡು ಅಭ್ಯಾಸವಿರಲಿಲ್ಲ. ಮೊದಲು ಗದರಿದರು, ಆಮೇಲೆ ಅಣ್ಣಾ ಎಂದರು, ಕೊನೆಗೆ ಅಪ್ಪಾ ಎಂದರು. ಫೋನಿಟ್ಟು, "ಶನಿವಾರ ಮಧ್ಯಾಹ್ನ," ಎಂದರು. "ಅದಕ್ಕಿಂತ ಒಂದು ನಿಮಿಷ ಆಚೆ ಈಚೆ ಆದ್ರೂ ಇದ್ದದ್ದನ್ನೇ ಅಚ್ಚು ಹಾಕ್ತಾರಂತೆ. ಸೋಪು, ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ದು ಸಾಕು, ಒಳಗೆ ಬಾ."

ಪುಡಿ ಹಾರುವ ಜಾಗ ಅರವತ್ತೊಂದು ಸಿಕ್ಕವು. ಅಷ್ಟನ್ನೂ ಯಂತ್ರದ ಕೈಯಿಂದ ತಪ್ಪಿಸಿ, ಕೈಯಲ್ಲೇ ತೊಳೆಯಬೇಕು. ಒಂದೊಂದು ಚಿತ್ರವನ್ನೂ ನಿಲ್ಲಿಸಿ, ಒಂದೊಂದು ಚುಕ್ಕೆಯನ್ನೂ ಇದು ಫಿಲ್ಮಿಗೆ ಅಂಟಿದ ಕೊಳೆಯೋ, ಬಡಗಿಯ ಹಲಗೆಯಿಂದ ಎದ್ದ ಪುಡಿಯೋ ಎಂದು ತೀರ್ಮಾನಿಸಬೇಕು. ಹದ್ದು ಪರದೆಗೆ ಮೂಗು ತಾಗಿಸಿ ಕೂತಳು. ಕೊಳೆಯ ಅಂಚು ಗಟ್ಟಿ. ಅದು ಬೆಳಕಿಗೆ ಕ್ಯಾರೇ ಅನ್ನುವುದಿಲ್ಲ. ಪುಡಿ ಕಿಟಕಿಯ ಹತ್ತಿರ ಬಂದರೆ ಹೊಳೆಯುತ್ತದೆ, ನೆರಳಿಗೆ ಹೋದರೆ ಮಂಕಾಗುತ್ತದೆ. ಇಷ್ಟು ತಿಳಿದ ಮೇಲೆ ಕೈ ಓಡಿತು.

"ತೆಗಿ. ತೆಗಿ. ಅದನ್ನ ಬಿಡು. ಅದರ ಪಕ್ಕದ್ದು ತೆಗಿ."

"ಈ ದೊಡ್ಡದು?"

"ಬಿಡು. ಅಳಿಯನ ಮೂಗಿಗೆ ಹೋಗೋದು ಅದೇ."

"ಅಕ್ಕ, ನಿಮ್ಮ ಹತ್ರ ಈ ಪುಡಿಗಳದ್ದೆಲ್ಲ ಹೆಸರು, ವಿಳಾಸ ಇದೆಯಾ?"

ಮಂಗಳವಾರ ಇಪ್ಪತ್ತೊಂದು, ಬುಧವಾರ ಇಪ್ಪತ್ತು, ಗುರುವಾರ ಹತ್ತೊಂಬತ್ತು ಮುಗಿದವು. ಕೊನೆಯ ಕಂತಿನ ಕಿಟಕಿ ಒಂದಕ್ಕೇ ಶುಕ್ರವಾರ ಬೆಳಗೆಲ್ಲ ಹಿಡಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಸೋಪು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ.

ಉಳಿದದ್ದು ಮೂರನೇ ನೋಟ. ಹದಿಮೂರು ಕಂತು, ಐದೂವರೆ ಗಂಟೆ.

"ನಾನು ಕೂತ್ಕೋತೀನಿ," ಎಂದರು ಮೇಷ್ಟ್ರು. ಈಗ ಅವರ ದನಿಯಲ್ಲಿ ಬೈಗುಳ ಇರಲಿಲ್ಲ. "ನೀನು ಹೋಗಿ ಮಲ್ಕೋ. ಮಾಡಿದ್ದೀಯಲ್ಲ, ಸಾಕು."

"ಸಹಿ ನಂದು ಮೇಷ್ಟ್ರೆ. ನಾನೇ ನೋಡ್ತೀನಿ." ಆಮೇಲೆ ಸ್ವಲ್ಪ ತಡೆದು ಹೇಳಿದಳು. "ಒಬ್ಬರನ್ನ ಕರ್ಕೊಂಡು ಬರ್ಲಾ?"

ಮನೆಗೆ ಫೋನ್ ಮಾಡಿದಳು. ಬೆಲ್ ಆಗುತ್ತಲೇ ಇತ್ತು. ಅತ್ತೆ ನಲ್ಲಿ ಬಿಟ್ಟುಕೊಂಡು ನಿಂತಿರುವುದು ಅವಳ ಕಣ್ಣಿಗೆ ಕಟ್ಟಿತು. ಇಟ್ಟುಬಿಡೋಣ, ಹೋಗಿಯೇ ಕರೆದರಾಯಿತು ಎಂದುಕೊಳ್ಳುವಷ್ಟರಲ್ಲಿ ಆ ಕಡೆ ಯಾರೋ ಎತ್ತಿದರು. ಉಸಿರು ಮಾತ್ರ ಕೇಳಿಸಿತು.

"ಅತ್ತೆ, ನಾನು. ಏನೂ ಆಗಿಲ್ಲ. ಚೆನ್ನಾಗಿದ್ದೀನಿ."

"ಅದನ್ನ ಮೊದಲು ಹೇಳು! ಎದೆ ಬಾಯಿಗೆ ಬಂತು." ಹಿಂದೆ ನಲ್ಲಿಯ ನೀರು ಸುರಿಯುತ್ತಿತ್ತು. "ಏನು ಬೇಕಿತ್ತು?"

"ನಮ್ಮ ಆಫೀಸಿಗೆ ಬಂದು ಟಿ.ವಿ. ನೋಡ್ತೀರಾ?"

ಅತ್ತೆ ಅರ್ಧ ಗಂಟೆಯಲ್ಲಿ ಬಂದಳು, ಬಗಲಲ್ಲಿ ತನ್ನದೇ ಒಂದು ದಿಂಬು ಅವುಚಿಕೊಂಡು. ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, "ನೀವೇನಾ ನನ್ನ ಸೊಸೆಗೆ ಬೈದಿದ್ದು? ಒಳ್ಳೇದಾಯ್ತು. ನನಗೆ ಬೈಯೋಕೆ ಬಾಯೇ ಬರ್ತಿರಲಿಲ್ಲ," ಎಂದಳು. ಮೇಷ್ಟ್ರು ಟೀ ತರಿಸಿದರು.

ಕೋಣೆಯ ಬಾಗಿಲಲ್ಲಿ ಸೊಸೆ ನಿಂತಳು. ಅತ್ತೆ ಅವಳನ್ನು ದಾಟಿ ಒಳಗೆ ಹೋಗಿ, ಸೋಫಾದ ಬಲಗಡೆ ದಿಂಬಿಟ್ಟು ಕೂತು, ಸ್ಟೂಲಿನ ಮೇಲೆ ಕಾಲು ಚಾಚಿದಳು.

"ಆ ಕಡೆ ಕೂತ್ಕೋ. ನನ್ನ ಮಂಡಿ ಮಡಚಲ್ಲ, ಇಲ್ಲೇ ಕಾಲಿಗೆ ಜಾಗ."

ಉಳಿದದ್ದು ಎಡಗಡೆ. ಸೊಸೆ ಪೆನ್ನನ್ನು ಹೊರಗೆ ಮೇಜಿನ ಮೇಲಿಟ್ಟು ಬಂದಳು. ಕೂತಳು. ಕುಸಿದ ಜಾಗ ಅವಳನ್ನು ಸ್ವಲ್ಪ ಅತ್ತೆಯ ಕಡೆ ವಾಲಿಸಿತು. ಎರಡು ಕೈಯನ್ನೂ ಎಲ್ಲಿಡಬೇಕೋ ತಿಳಿಯಲಿಲ್ಲ. ಅತ್ತೆ ಒಂದು ಲೋಟ ತುರುಕಿದಳು. ಸೋಪು ಹೊರಗಿಂದ ಗುಂಡಿ ಒತ್ತಿದ.

ಆರನೇ ನಿಮಿಷಕ್ಕೆ ಮುದುಕ ಊದಿದ. ಅಂಗಡಿಯ ಪುಡಿಯಷ್ಟೂ ಅಳಿಯನ ಮುಖಕ್ಕೆ ಬಿತ್ತು, ರೆಪ್ಪೆಯ ಮೇಲೆಲ್ಲ ಕೂತಿತು. ಅವನು ಸೀನಿದ.

"ನೋಡ್ದಾ!" ಎಂದು ಅತ್ತೆ ಅವಳ ತೊಡೆಗೆ ಹೊಡೆದಳು. "ಅದು! ಆದ್ರೂ ಈ ಮಾವ ಅನ್ಯಾಯ ಮಾಡ್ತಾನೆ. ಪಾಪ, ಅವನಿಗೆ ಬಾರದ ಕೆಲಸ."

"ಪಾಪ ಏನತ್ತೆ? ಕುರ್ಚಿಗೆ ಮೂರೇ ಕಾಲು ಇಟ್ಟಿದ್ದಾನೆ."

"ನಾಲ್ಕನೇದು ನಾಳೆ ಇಡ್ತೀನಿ ಅಂದ್ನಲ್ಲ!"

"ಗಿರಾಕಿ ಬಂದು ಕೂರೋದು ಇವತ್ತು!"

"ನೀನೂ ಆ ಮಾವನ ಹಾಗೇ ಕಣೇ, ಎಲ್ಲದಕ್ಕೂ ತಪ್ಪು."

"ತಪ್ಪು ಹುಡುಕೋದೇ ನನ್ನ ಕೆಲಸ ಅತ್ತೆ... ಅಯ್ಯೋ, ಕೂರ್ತಿದ್ದಾನೆ ನೋಡಿ, ಕೂತೇಬಿಟ್ಟ!"

ಗಿರಾಕಿ ದೊಪ್ಪನೆ ಬಿದ್ದ. ಕೋಣೆಯಲ್ಲಿ ಏನೋ ಸದ್ದಾಯಿತು. ಅದು ತನ್ನ ಗಂಟಲಿಂದ ಬಂದದ್ದು ಎಂದು ಅವಳಿಗೆ ತುಸು ತಡವಾಗಿ ತಿಳಿಯಿತು. ಅತ್ತೆ ಅವಳ ಕಡೆ ತಿರುಗಲಿಲ್ಲ. ಪರದೆಯನ್ನೇ ನೋಡುತ್ತ, ಟೀ ಹೀರುತ್ತ ಕೂತಿದ್ದಳು.

ಕಂತು ಮುಗಿದಾಗ ಮೇಷ್ಟ್ರು ಬಾಗಿಲಿಂದ ತಲೆ ತೂರಿಸಿದರು. ಕೈಯಲ್ಲಿ ಪಟ್ಟಿಯೂ ಅವಳ ಪೆನ್ನೂ ಇದ್ದವು.

"ಹೇಗಿತ್ತು? ಎಲ್ಲಾದ್ರೂ ಗೀರು, ಚುಕ್ಕೆ?"

ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಒಂದೂ ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲ ಮೇಷ್ಟ್ರೆ. ಚುಕ್ಕೆ ನೋಡ್ಬೇಕು ಅನ್ನೋದೇ ಮರೆತುಹೋಯ್ತು."

ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಪಟ್ಟಿಯನ್ನು ಮುಂದೆ ಹಿಡಿದು, ಹಳೆಯ ಸಹಿ ಹೊಡೆದುಹಾಕಿದ ಜಾಗದ ಕೆಳಗೆ ಬೆರಳಿಟ್ಟರು. ಅವಳು ಸಹಿ ಹಾಕಿದಳು.

"ಇನ್ನೂ ಹನ್ನೆರಡು ಇದೆ. ದಣಿವಾಯ್ತಾ?"

"ದಣಿವಂತೆ!" ಎಂದಳು ಅತ್ತೆ. "ಬಾಗಿಲು ಹಾಕ್ಕೊಳ್ರೀ, ಬೆಳಕು ಬರುತ್ತೆ. ಏಯ್ ಸೋಪು, ಎರಡನೇದು ಹಾಕಪ್ಪ!"